ಎಕ್ಸ್‌ರೇ ಡಾರ್ಕ್‌ರೂಮಿನಲ್ಲಿ ಕಲಿತ ಫೋಟೋ ವಿದ್ಯೆ

ಕೆಲಸಕ್ಕೆ ಸೇರಿದ ಮೊದಲ ದಿನ ನನಗೆ ಒಪ್ಪಿಸಿದ ಕೆಲಸವೆಂದರೆ ಕತ್ತಲೆಯಲ್ಲಿ ಸುಮ್ಮನೆ ನಿಲ್ಲುವುದು.

ಕೊಯಮತ್ತೂರಿನ ಒಂದು ಧರ್ಮಾಸ್ಪತ್ರೆಯ ಎಕ್ಸ್‌ರೇ ವಿಭಾಗ ಅದು. ಅಲ್ಲಿನ ಮುಖ್ಯ ಟೆಕ್ನಿಷಿಯನ್ ವರದರಾಜನ್ ಸಾರ್ ನನ್ನನ್ನು ಫಿಲಂ ತೊಳೆಯುವ ಡಾರ್ಕ್‌ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಉರಿಯುತ್ತಿದ್ದ ಪುಟ್ಟ ಕೆಂಪು ದೀಪವನ್ನೂ ಆರಿಸಿದರು. "ಏನನ್ನೂ ಮುಟ್ಟಬೇಡ. ಏನು ಕಾಣಿಸುತ್ತದೋ ಹೇಳು" ಎಂದರು ತಮಿಳಿನಲ್ಲಿ. ಏನೂ ಕಾಣಿಸುತ್ತಿಲ್ಲ ಎಂದೆ. ಮತ್ತೂ ನಿಲ್ಲು ಎಂದರು. ಹುಳಿ ವಾಸನೆಯ ಆ ಕತ್ತಲಲ್ಲಿ ನಲ್ಲಿಯಿಂದ ತೊಟ್ಟಿಕ್ಕುವ ನೀರಿನ ಸದ್ದು ಕೇಳುತ್ತಾ ನಿಂತೆ. ಎಷ್ಟೋ ಹೊತ್ತಿನ ಮೇಲೆ ಬಾಗಿಲ ಕೆಳಗಡೆ ಕೂದಲೆಳೆಯಷ್ಟು ಸಣ್ಣದೊಂದು ಬೆಳಕಿನ ಗೆರೆ ಕಂಡಿತು.

"ಬಾಗಿಲ ಕೆಳಗೆ ಬೆಳಕಿದೆ ಸಾರ್."

"ಅದು ನಿನಗೆ ಕಾಣಿಸಿದ್ರೆ ಫಿಲಂಗೂ ಕಾಣಿಸುತ್ತೆ. ಹೋಗಿ ಬಟ್ಟೆ ತುರುಕಿ ಬಾ."

ಅಂದಿನಿಂದ ನಿವೃತ್ತಿಯವರೆಗೆ ಅದೇ ವಿಭಾಗದಲ್ಲಿ ದುಡಿದೆ. ವಾರವೆಲ್ಲ ಎಕ್ಸ್‌ರೇ, ಭಾನುವಾರ ಫಿಲಂ ಕ್ಯಾಮೆರಾ. ಎರಡನೆಯದಕ್ಕೆ ಯಾರೂ ಸಂಬಳ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಈಗ ಇದೇ ಊರಿನ ಗಣಪತಿ ಬಡಾವಣೆಯ ನಮ್ಮ ಮನೆಗೆ ಹುಡುಗ ಹುಡುಗಿಯರು ಬರುತ್ತಾರೆ. ಕೆಲವರು ಕಾಲೇಜಿನವರು, ಕೆಲವರು ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಡಿಸೈನ್ ಮಾಡುವವರು. ತಾತನ ಬೀರುವಿನಲ್ಲಿ ಸಿಕ್ಕ ಹಳೆಯ ಕ್ಯಾಮೆರಾ ತಂದು, "ಆಂಟಿ, ಫಿಲಂನಲ್ಲಿ ಚೆನ್ನಾಗಿ ತೆಗೆಯೋದು ಹೇಗೆ? ಏನನ್ನ ತೆಗೀಬೇಕು ಅಂತಲೇ ತೋಚಲ್ಲ" ಎನ್ನುತ್ತಾರೆ. ಯಾವ ಲೆನ್ಸು, ಯಾವ ಫಿಲಂ ಎಂದು ನಾನು ಹೇಳಬೇಕು ಅಂತ ಅವರ ಆಸೆ. ನನಗೆ ಗೊತ್ತಿರುವುದು ಬೇರೆ ಥರದ ಉತ್ತರ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕನ್ನಡದಲ್ಲಿ ಯಾಕೆ ಎಂದು ಕೇಳಿದರೆ, ಈ ವಿದ್ಯೆಯಲ್ಲಿ ನಾನು ಕಲಿತ ಪಾಠವೆಲ್ಲ ಕನ್ನಡದಲ್ಲೇ ಇತ್ತು. ನಮ್ಮದು ಪೊಳ್ಳಾಚಿ ಹತ್ತಿರದ ನೆಗಮಂನ ನೇಕಾರರ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಶಾಲೆಯ ಓದುಬರಹವೆಲ್ಲ ತಮಿಳಿನಲ್ಲೇ. ಕನ್ನಡದ ಅಕ್ಷರ ಕಲಿಸಿದವರು ಚಾಮರಾಜನಗರದಿಂದ ಬಂದು ನನ್ನನ್ನು ಮದುವೆಯಾದವರು. ಆದರೆ ಆಸ್ಪತ್ರೆಯಲ್ಲಿ ಕನ್ನಡ ಸಿಕ್ಕಿದ್ದು ಮಾತ್ರ ತೀರ ಆಕಸ್ಮಿಕ. ಸೇರಿದ ಹೊಸದರಲ್ಲಿ ಒಮ್ಮೆ ಕತ್ತಲಲ್ಲಿ ಫಿಲಂ ಸಿಕ್ಕಿಸಿದ ಸ್ಟೀಲ್ ಚೌಕಟ್ಟು ಕೈಜಾರಿ ಬಿತ್ತು. "ಅಯ್ಯೋ ಸೌಡಮ್ಮಾ!" ಎಂದು ಮನೆದೇವರನ್ನು ಕೂಗಿಕೊಂಡೆ. ಆಚೆ ಮೂಲೆಯಿಂದ ವರದರಾಜನ್ ಸಾರ್ ದನಿ ಬಂತು:

"ಅಡಡೇ, ನೀನು ನಮ್ಮೋಳಾ? ಇಷ್ಟು ದಿನ ಯಾಕ್ ಕಣ್ಣು ಸೊಲ್ಲಲಿಲ್ಲ?"

ತಮಿಳು ಬೆರೆತ ನಮ್ಮ ಕನ್ನಡದಲ್ಲಿ "ಸೊಲ್ಲು" ಎಂದರೆ ಹೇಳು, "ಕಣ್ಣು" ಎಂದರೆ ಮುದ್ದಿನ ಕರೆ. ಆಮೇಲೆ ಡಾರ್ಕ್‌ರೂಮಿನಲ್ಲಿ ನಾವಿಬ್ಬರೂ ಕನ್ನಡವನ್ನೇ ಆಡುತ್ತಿದ್ದೆವು. ಬಾಗಿಲು ತೆರೆದು ಹೊರಗೆ ಬಂದರೆ ಮತ್ತೆ ತಮಿಳು, ಮತ್ತೆ "ಸಾರ್", ಮತ್ತೆ ಗತ್ತು. ಅವರು ಬೈಯುವುದಿದ್ದರೂ ಒಳಗೆ ಕರೆದುಕೊಂಡು ಹೋಗಿ ಕನ್ನಡದಲ್ಲೇ ಬೈಯುತ್ತಿದ್ದರು.

ನಮ್ಮ ವಿಭಾಗದಲ್ಲಿ ಎಲ್ಲರೂ ಹೆದರುವ ಮಾತೊಂದಿತ್ತು: ರಿಪೀಟ್. ಚಿತ್ರ ಕೆಟ್ಟರೆ ರೋಗಿಯನ್ನು ಮತ್ತೆ ಕರೆಸಿ, ಮತ್ತೆ ನಿಲ್ಲಿಸಿ, ಮತ್ತೆ ಕಿರಣ ಹಾಯಿಸಬೇಕು. ವಾರದ ಕೊನೆಗೆ ಕೆಟ್ಟ ಫಿಲಂಗಳನ್ನೆಲ್ಲ ಸಾರ್ ಬೆಳಕಿನ ಪೆಟ್ಟಿಗೆಯ ಮೇಲೆ ಸಾಲಾಗಿ ಸಿಕ್ಕಿಸುತ್ತಿದ್ದರು. ಯಾರು ಕೆಡಿಸಿದ್ದು ಎಂದು ಒಂದು ದಿನವೂ ಕೇಳಲಿಲ್ಲ. "ಏನಾಗಿದೆ, ಸೊಲ್ಲು" ಅಷ್ಟೇ. ಇಲ್ಲಿ ಉಗುರು ಒತ್ತಿ ಅರ್ಧಚಂದ್ರ ಮೂಡಿದೆ. ಇಲ್ಲಿ ಫಿಲಂ ತೊಳೆಯುವ ಡೆವಲಪರ್ ಬಿಸಿಯಾಗಿತ್ತು. ಇಲ್ಲಿ ರೋಗಿ ಅಲುಗಾಡಿದ್ದಾನೆ. ಹೀಗೆ ಹೇಳಿ ಹೇಳಿ ತಪ್ಪನ್ನು ನೋಡುವುದಕ್ಕೆ ನಾಚಿಕೆಯೇ ಹೋಯಿತು. ಫಿಲಂ ಕ್ಯಾಮೆರಾ ಹಿಡಿಯುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ. ಚೆನ್ನಾಗಿ ಬಂದದ್ದನ್ನು ಊರಿಗೆಲ್ಲ ತೋರಿಸಿ, ಕೆಟ್ಟದ್ದನ್ನು ಎದುರಿಗಿಟ್ಟುಕೊಂಡು ಕೂತು ನೋಡಿ.

ಕ್ಯಾಮೆರಾ ನನ್ನ ಕೈಗೆ ಬಂದದ್ದು ನಮ್ಮ ದೊಡ್ಡ ಡಾಕ್ಟರಿಂದ. ಅವರು ಪಾಠ ಹೇಳುವಾಗ ತೋರಿಸಲೆಂದು ಎಕ್ಸ್‌ರೇಗಳನ್ನು ಕ್ಯಾಮೆರಾದಲ್ಲಿ ತೆಗೆದಿಡುತ್ತಿದ್ದರು. ಆ ಕೆಲಸ ನಾನು ಕಲಿಯಲಿ ಎಂದು ಒಂದು ಹೊಸ ಕಪ್ಪು ಬಿಳುಪು ರೋಲ್ ಹಾಕಿಕೊಟ್ಟು, "ಮನೆಗೆ ತಗೊಂಡು ಹೋಗಮ್ಮ, ಏನನ್ನಾದರೂ ತೆಗೆದು ಕೈ ಪಳಗಿಸಿಕೊ" ಎಂದರು. ಆ ಭಾನುವಾರ ಬಸ್ಸು ಹತ್ತಿ ನೆಗಮಂಗೆ ಹೋದೆ.

ನಮ್ಮಜ್ಜಿ ಎಂದಿನಂತೆ ಕುಳಿಮಗ್ಗದಲ್ಲಿ ಇದ್ದಳು. ಕಾಲು ಗುಂಡಿಯೊಳಗೆ, ಕೈ ಲಾಳಿಯ ಮೇಲೆ. ಮಾಡಿನಲ್ಲಿದ್ದ ಒಂದೇ ಗಾಜಿನ ಹಂಚಿನಿಂದ ಬಿಸಿಲು ನೇರವಾಗಿ ನೂಲಿನ ಮೇಲೆ ಬೀಳುತ್ತಿತ್ತು. ನಾನು ಕ್ಯಾಮೆರಾ ಎತ್ತಿದರೆ ಅವಳಿಗೆ ನಗು.

"ಎಂತಕ್ಕೆ ಕಣ್ಣು? ನನ್ನ ಬಾಳೆಲ್ಲ ಈ ಕುಳಿಯಲ್ಲೇ ಹೋಯ್ತು. ಫೋಟೋದಲ್ಲೂ ಕುಳಿಯಲ್ಲೇ ಇರಬೇಕಾ?"

"ಇರು ಅಜ್ಜಿ, ನೀನು ಕೆಲಸ ಮಾಡ್ತಾ ಇರು."

"ಕೆಲಸ ಮಾಡದೆ ಇನ್ನೇನು, ಡ್ಯಾನ್ಸ್ ಆಡ್ತೀನಾ?" ಎಂದು ಲಾಳಿ ಹೊಡೆದಳು. ರೋಲ್ ಪೂರಾ ಅವಳ ಮೇಲೆಯೇ ಮುಗಿಸಿದೆ.

ಮರುದಿನ ಸಾರ್ ಅನುಮತಿ ಪಡೆದು, ಚೆಲ್ಲಬೇಕಾಗಿದ್ದ ಹಳೆಯ ಡೆವಲಪರಿನಲ್ಲಿ ಅದನ್ನು ತೊಳೆಯಲು ನಿಂತೆ. ಇಷ್ಟರಲ್ಲಿ ನಾನು ಡಾರ್ಕ್‌ರೂಮಿನಲ್ಲಿ ಪಳಗಿದವಳು, ಯಾರನ್ನೂ ಕೇಳುವ ಅಗತ್ಯ ಕಾಣಲಿಲ್ಲ. ದಿನವೂ ಮಾಡುವಂತೆಯೇ ಕೆಂಪು ದೀಪ ಹಾಕಿಕೊಂಡು ರೋಲ್ ಬಿಚ್ಚಿದೆ, ಚೌಕಟ್ಟಿಗೆ ಸುತ್ತಿದೆ, ತೊಟ್ಟಿಯಲ್ಲಿ ಮುಳುಗಿಸಿದೆ. ಹೊರಬಂದಿದ್ದು ಉದ್ದಕ್ಕೂ ಕಪ್ಪು. ಬೆಳಕಿನ ಪೆಟ್ಟಿಗೆಯ ಮೇಲೆ ಹಿಡಿದರೆ ಒಂದು ಕಿಂಡಿಯಷ್ಟೂ ಬೆಳಕು ದಾಟಲಿಲ್ಲ. ಸಾರ್ ನೋಡಿದರು. ಬಾಗಿಲು ಹಾಕಿ ಕನ್ನಡಕ್ಕೆ ಬಂದರು.

"ಏನಾಗಿದೆ, ಸೊಲ್ಲು."

"ಗೊತ್ತಾಗ್ತಾ ಇಲ್ಲ ಸಾರ್."

"ನಮ್ಮ ಎಕ್ಸ್‌ರೇ ಫಿಲಂಗೆ ಕೆಂಪು ಕಾಣಿಸಲ್ಲ, ಅದಕ್ಕೇ ಕೆಂಪು ದೀಪ. ಕ್ಯಾಮೆರಾ ಫಿಲಂಗೆ ಎಲ್ಲಾ ಬಣ್ಣವೂ ಕಾಣಿಸುತ್ತೆ. ಅದರ ಮುಂದೆ ದೀಪ ಹಚ್ಚಿ ಕುಣಿದಿದೀಯಲ್ಲ ಕಣ್ಣು!"

ನಾನು ಅತ್ತೆ. ಅವರು ಒಂದು ಹಾಳು ಫಿಲಂ ತಂದುಕೊಟ್ಟು, ದೀಪ ಆರಿಸಿ, ಪೂರ್ತಿ ಕತ್ತಲಲ್ಲಿ ಅದನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು, ಇದನ್ನೇ ಮಾಡಿಸಿದರು. ಬೆರಳಿಗೆ ಕಣ್ಣು ಬರುವ ತನಕ ಬಿಡಲಿಲ್ಲ.

ಮುಂದಿನ ತಿಂಗಳು ಹೋಗಿ ಅಜ್ಜಿಯನ್ನು ಮತ್ತೆ ತೆಗೆದರಾಯಿತು ಎಂದುಕೊಂಡಿದ್ದೆ. ಹೋದರೆ ಮನೆಯಲ್ಲಿ ಕುಳಿಯೇ ಇರಲಿಲ್ಲ. ಚಿಕ್ಕಪ್ಪ ಹಿತ್ತಲಲ್ಲಿ ಪವರ್‌ಲೂಮ್ ಹಾಕಿಸಿದ್ದ. ಗುಂಡಿ ಮುಚ್ಚಿ ಸಿಮೆಂಟ್ ಬಳಿದಿದ್ದರು. ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ ಕ್ಯಾಮೆರಾ ಹಿಡಿದೆ. ಅವಳು ಕೈಯನ್ನು ತೊಡೆಯ ಮೇಲಿಟ್ಟಳು, ತೆಗೆದಳು, ಕಂಬ ಹಿಡಿದಳು, ಬಿಟ್ಟಳು.

"ಮಗ್ಗ ಇಲ್ದೆ ಕೈನ ಎಲ್ಲಿ ಇಟ್ಕೊಳ್ಳೋದು ಕಣ್ಣು?" ಎಂದು ಕೊನೆಗೆ ಸೆರಗಿನೊಳಗೆ ಹುದುಗಿಸಿಕೊಂಡಳು.

ಆ ಫೋಟೋ ಇಂದಿಗೂ ನನ್ನ ಹತ್ತಿರ ಇದೆ. ಬೆಳಕು ಸರಿಯಾಗಿದೆ, ಮುಖ ಸ್ಪಷ್ಟವಾಗಿದೆ. ಆದರೆ ಅದರಲ್ಲಿರುವುದು ನಮ್ಮಜ್ಜಿ ಅಂತ ನನಗೆ ಅನ್ನಿಸುವುದಿಲ್ಲ. ಮುಖಕ್ಕಿಂತ ಮೊದಲು ಜನರ ಕೈ ನೋಡುವ ಚಾಳಿ ನನಗೆ ಅಂದಿನಿಂದ ಹತ್ತಿತು.

ಕೆಲವು ವರ್ಷಗಳ ಮೇಲೆ ಸಿಂಗಪುರದ ನೆಂಟರೊಬ್ಬರು ಬಿಟ್ಟುಹೋದ ಕ್ಯಾಮೆರಾ ನನ್ನದಾಯಿತು. ಬೆಳಕು ಅಳೆಯುವ ಅದರ ಮುಳ್ಳು ಸತ್ತುಹೋಗಿತ್ತು. ಅದೇ ಒಳ್ಳೆಯದಾಯಿತು, ಬೆಳಕನ್ನು ಕಣ್ಣಿನಿಂದಲೇ ಅಂದಾಜು ಮಾಡಲು ಕಲಿತೆ. ಊರಿನ ಹವ್ಯಾಸಿಗಳ ಒಂದು ಸಣ್ಣ ಗುಂಪಿಗೂ ಸೇರಿಕೊಂಡೆ. ದಂತವೈದ್ಯರೊಬ್ಬರ ಮನೆಯ ಬಚ್ಚಲಲ್ಲಿ ಚಿತ್ರ ದೊಡ್ಡದು ಮಾಡುವ ಯಂತ್ರವಿತ್ತು. ಭಾನುವಾರ ಮಧ್ಯಾಹ್ನ ಅಲ್ಲಿ ಎಲ್ಲರೂ ಪ್ರಿಂಟ್ ಹಾಕುತ್ತಿದ್ದೆವು. ಸಿರುವಾಣಿ ಅಣೆಕಟ್ಟಿನ ನೀರು ಬರುವ ಮನೆ ಅದು. ಈ ಊರಿನವರು ಸಿರುವಾಣಿ ನೀರಿನ ರುಚಿ ಹೊಗಳುತ್ತಾರೆ, ನಮಗೆ ಮಾತ್ರ ಅದು ನೆಗೆಟಿವ್ ತೊಳೆಯುವ ತೀರ್ಥ. ಬೋರ್ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಮೈಯೆಲ್ಲ ಬಿಳಿ ಚುಕ್ಕೆ. ತಿರುಪ್ಪೂರಿನಿಂದ ಬರುತ್ತಿದ್ದ ಗೆಳೆಯರೊಬ್ಬರು ವಾಪಸು ಹೋಗುವಾಗ ಕ್ಯಾನಿನಲ್ಲಿ ಈ ನೀರನ್ನೇ ತುಂಬಿಸಿಕೊಂಡು ಹೋಗುತ್ತಿದ್ದರು.

ಗುಂಪಿನವರ ಜೊತೆ ನಾನೂ ಕೆರೆಯ ಮೇಲಿನ ಸೂರ್ಯಾಸ್ತ ತೆಗೆದೆ, ನವಿಲು ತೆಗೆದೆ, ಪೊಳ್ಳಾಚಿ ರಸ್ತೆಯ ಹುಣಸೆಮರಗಳನ್ನು ತೆಗೆದೆ. ವರ್ಷಗಟ್ಟಲೆ ತೆಗೆದೆ. ಒಂದು ಸಲ ದಂತವೈದ್ಯರು ನನ್ನ ಪ್ರಿಂಟುಗಳನ್ನು ಸಾಲಾಗಿ ಇಟ್ಟು, "ಸರೋಜಾ, ನಿಮ್ಮ ಚಿತ್ರಗಳು ಎಕ್ಸ್‌ರೇ ಥರ ಶುದ್ಧವಾಗಿವೆ. ಆದರೆ ಎಕ್ಸ್‌ರೇಯಲ್ಲಿ ಒಳಗಡೆ ಏನಿದೆ ಅಂತಲಾದರೂ ಕಾಣುತ್ತೆ" ಎಂದು ನಕ್ಕರು. ಉಳಿದವರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕ್ಯಾಮೆರಾವನ್ನು ಬೀರುವಿನೊಳಗಿಟ್ಟು, ಬಹಳ ದಿನ ಹೊರಗೆ ತೆಗೆಯಲಿಲ್ಲ.

ವರದರಾಜನ್ ಸಾರ್ ತಾವಾಗಿ ಕೇಳಿದರು. "ಈಗೆಲ್ಲ ಹಳೆ ಡೆವಲಪರ್ ಬೇಡವಾ ನಿನಗೆ?" ನಡೆದದ್ದು ಹೇಳಿದೆ. ನೆಗೆಟಿವ್ ತಗೊಂಡು ಬಾ ಎಂದರು. ಕೆಟ್ಟ ಎಕ್ಸ್‌ರೇಗಳ ಸಾಲಿನಲ್ಲೇ ನನ್ನ ಸೂರ್ಯಾಸ್ತಗಳನ್ನೂ ಸಿಕ್ಕಿಸಿ ನೋಡಿದರು.

"ಇಲ್ಲಿ ಯಾಕೆ ನಿಂತೆ?"

"ಎಲ್ಲರೂ ಅಲ್ಲೇ ನಿಂತಿದ್ದರು ಸಾರ್."

"ಪೇಷೆಂಟ್ ಬಂದರೆ ಎಲ್ಲರನ್ನೂ ಒಂದೇ ಮಾದಿರಿ ನಿಲ್ಲಿಸ್ತೀಯಾ? ಏನು ನೋಡಬೇಕೋ ಅದಕ್ಕೆ ತಕ್ಕ ಹಾಗೆ ತಿರುಗಿಸಲ್ವಾ? ಮೊದಲು ಏನು ನೋಡಬೇಕು ಅಂತ ಸೊಲ್ಲು. ಆಮೇಲೆ ಎಲ್ಲಿ ನಿಲ್ಲೋದು ಅಂತ ತಾನಾಗೇ ಬರುತ್ತೆ."

ಏನು ನೋಡಬೇಕು ಎನ್ನುವುದಕ್ಕೆ ಉತ್ತರ ಸಿಕ್ಕಿದ್ದು ಸೂರ್ಯಾಸ್ತದಲ್ಲಲ್ಲ, ನಾನು ದಿನವೂ ನಿಲ್ಲುವ ಜಾಗದಲ್ಲೇ. ಎದೆಯ ಎಕ್ಸ್‌ರೇ ತೆಗೆಯುವಾಗ ನಾವು ರೋಗಿಗೆ ತಮಿಳಿನಲ್ಲಿ ಮೂರು ಮಾತು ಹೇಳುತ್ತೇವೆ. "ಮೂಚ್ಚ ಇಳುಂಗ. ಪಿಡಿಂಗ. ವಿಡುಂಗ." ಉಸಿರು ಎಳೆಯಿರಿ, ಹಿಡಿಯಿರಿ, ಬಿಡಿ. ಒಂದು ದಿನ ಗಣಪತಿಯ ಪಂಪ್ ಕಾರ್ಖಾನೆಯೊಂದರಲ್ಲಿ ಅಚ್ಚು ಹಾಕುವ ಮಾರಿಮುತ್ತು ಎಂಬಾತ ಕೆಮ್ಮೆಂದು ಬಂದಿದ್ದ. ಆಳೆತ್ತರದ ಮನುಷ್ಯ, ಯಂತ್ರದ ಮುಂದೆ ನಿಂತು ಕಲ್ಲಾಗಿಬಿಟ್ಟಿದ್ದ. ಉಸಿರು ಹಿಡಿಸಿದೆ, ತೆಗೆದೆ, ಬಿಡಿ ಎಂದೆ. ಅವನು ಉಸಿರು ಬಿಟ್ಟು, ತಿರುಗಿ, "ಅವ್ವಳವುದಾನುಂಗಳಾ?" ಎಂದ. ಅಷ್ಟೇನಾ ಅಂತ. ಭಯವೆಲ್ಲ ಇಳಿದ ಆ ಮುಖದಲ್ಲಿ ನಾಚಿಕೆಯೂ ನಗುವೂ ಒಟ್ಟಿಗೆ ಇದ್ದವು. ದಿನಕ್ಕೆ ಎಷ್ಟೋ ಮುಖಗಳಲ್ಲಿ ನಾನು ಅದನ್ನು ಕಂಡಿದ್ದೆ. ಕಂಡೂ ನೋಡಿರಲಿಲ್ಲ.

ಅವನ ಎದೆಯಲ್ಲಿ ಹೆದರುವಂಥದ್ದೇನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ನಿಮ್ಮ ಕಾರ್ಖಾನೆಗೆ ಬಂದು ಫೋಟೋ ತೆಗೆಯಬಹುದೇ ಎಂದು ಅವನನ್ನೇ ಕೇಳಿದೆ. ಮಾಲೀಕರ ಒಪ್ಪಿಗೆ ಪಡೆದು ಅವನೇ ಕರೆದುಕೊಂಡು ಹೋದ. ಕಪ್ಪು ಮರಳಿನಲ್ಲಿ ಅಚ್ಚು ಒತ್ತಿ, ಕರಗಿದ ಕಬ್ಬಿಣ ಹೊಯ್ಯುವಾಗ ಎಲ್ಲರ ಮೈಯೂ ಬಿಗಿಯುತ್ತದೆ. ಕಾದೆ. ಹೊಯ್ದು ಮುಗಿಸಿ, ಉಸಿರು ಬಿಟ್ಟು, ಮಾರಿಮುತ್ತು ಆ ಅಚ್ಚಿನ ಹೊರ ಚೌಕಟ್ಟಿನ ಅಂಚನ್ನು ಅಂಗೈಯಿಂದ ಸುಮ್ಮನೆ ಒಮ್ಮೆ ಸವರಿದ. ಆಗ ಶಟರ್ ಒತ್ತಿದೆ. ಪ್ರಿಂಟ್ ನೋಡಿದ ದಂತವೈದ್ಯರು ಈ ಸಲ ತಮಾಷೆ ಮಾಡಲಿಲ್ಲ. ಅದನ್ನು ಎದ್ದು ನಿಂತು ನೋಡಿದರು. ಮಾರಿಮುತ್ತು ಮಾತ್ರ ಪ್ರಿಂಟನ್ನು ಹತ್ತಿರ ಹಿಡಿದು, ದೂರ ಹಿಡಿದು, "ನನ್ನ ಕೈ ಇಷ್ಟು ದೊಡ್ಡದಾಂಗ?" ಎಂದ.

ಹುಡುಗರು ಕೇಳುವ ಸ್ಫೂರ್ತಿ ಎಂಬುದು ನನಗೆ ಸಿಕ್ಕಿದ್ದು ಹೀಗೆ. ನೀವು ಹೊಟ್ಟೆಪಾಡಿಗೆ ಮಾಡುವ ಕೆಲಸದಲ್ಲಿ ದಿನವೂ ಏನನ್ನೋ ನೋಡುತ್ತಿರುತ್ತೀರಿ, ಬೇರೆಯವರಿಗೆ ಅದು ಕಾಣುವುದಿಲ್ಲ. ಅಲ್ಲಿಂದ ಶುರುಮಾಡಿ.

ಈ ನಡುವೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಬೇಸಗೆಯಲ್ಲಿ ಡೆವಲಪರ್ ತಂಪಾಗಿರಲೆಂದು ನಾವು ಐಸ್ ತುಂಬಿದ ಚೀಲಗಳನ್ನು ತೊಟ್ಟಿಯ ಸುತ್ತ ಇಡುತ್ತಿದ್ದೆವು. ಆಮೇಲೆ ಫಿಲಂ ತಾನಾಗಿ ತೊಳೆದು ಒಣಗಿಸಿ ಹೊರಗೆ ಹಾಕುವ ಯಂತ್ರ ಬಂತು. ಅದು ಬಂದ ದಿನ ವರದರಾಜನ್ ಸಾರ್ ಒಂದು ಫಿಲಂ ಒಳಗೆ ಬಿಟ್ಟು, ಆ ತುದಿಯಲ್ಲಿ ಹೋಗಿ ನಿಂತರು. ಬಂದ ಫಿಲಂ ಎತ್ತಿ ನೋಡಿದರು. ಯಾವ ಕೊರತೆಯೂ ಇರಲಿಲ್ಲ. "ಇನ್ನು ಒಳಗೆ ನಿಂತು ಕನ್ನಡ ಆಡೋಕೆ ಹೊತ್ತೇ ಇರಲ್ಲ ಕಣ್ಣು" ಎಂದರು, ಅದನ್ನು ಬೆಳಕಿನಲ್ಲೇ ಕನ್ನಡದಲ್ಲೇ ಹೇಳಿದರು.

ಅವರ ಕೈಗಳ ವಿಷಯ ಇನ್ನೂ ಹೇಳಿಲ್ಲ. ಯಾವಾಗಲೂ ಅವು ಬಿಳಿ ಕೋಟಿನ ಜೇಬಿನೊಳಗೆ ಇರುತ್ತಿದ್ದವು. ಕೆಲಸಕ್ಕೆ ಹೊರಗೆ ಬಂದರೆ ಕಾಣುತ್ತಿತ್ತು: ಬೆರಳ ಚರ್ಮ ಒಣಗಿ ಸೀಳು ಬಿಟ್ಟಿತ್ತು, ಉಗುರುಗಳು ಗೀರುಗೀರಾಗಿ ಒಡೆದಿದ್ದವು, ಎಡಗೈ ತೋರುಬೆರಳ ತುದಿ ಇರಲೇ ಇಲ್ಲ. ಅವರು ಸೇರಿದ ಕಾಲದಲ್ಲಿ ಅಳುವ ಮಕ್ಕಳ ಕೈಕಾಲು ಮುರಿದಿದ್ದರೆ ಅಲುಗಾಡದಂತೆ ಟೆಕ್ನಿಷಿಯನ್ನೇ ಹಿಡಿಯುತ್ತಿದ್ದ. ಕಿರಣ ತಡೆಯುವ ಸೀಸದ ಗ್ಲೌಸ್ ಭಾರ, ಹಾಕಿಕೊಂಡರೆ ಎಳೆಯ ಕೈ ಜಾರುತ್ತದೆ. ಅವರು ಬರಿಗೈಯಲ್ಲಿ ಹಿಡಿದರು. ಒಂದೊಂದು ಸಲ ಬಿದ್ದ ಕಿರಣ ಏನೂ ಅಲ್ಲ. ವರ್ಷಗಟ್ಟಲೆಯದು ಕೈಯಲ್ಲಿ ಉಳಿಯಿತು. ಇದನ್ನು ನನಗೆ ಹೇಳಿದ್ದು ಹಳೆಯ ಆಯಾ, ಸಾರ್ ಯಾವತ್ತೂ ಬಾಯಿಬಿಟ್ಟಿರಲಿಲ್ಲ. ಜನರ ಕೈಗಳನ್ನೇ ಹುಡುಕಿ ತೆಗೆಯುತ್ತಿದ್ದ ನಾನು ಆ ಕೈಗಳ ಕಡೆ ಕ್ಯಾಮೆರಾ ತಿರುಗಿಸಿರಲಿಲ್ಲ.

ಅವರು ನಿವೃತ್ತರಾಗುವ ವಾರ ಬೀಳ್ಕೊಡುಗೆಗೆ ಒಂದು ಫೋಟೋ ಬೇಕೆಂದು ಆಡಳಿತದವರು ನನಗೇ ಹೇಳಿದರು. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಂದೆ. ಜೇಬಿನಲ್ಲಿ ಕೈಯಿಟ್ಟು ಯಂತ್ರದ ಪಕ್ಕ ನೆಟ್ಟಗೆ ನಿಂತರು, ತೆಗೆದೆ. ಅಷ್ಟರಲ್ಲಿ ಮರದಿಂದ ಬಿದ್ದು ತೋಳು ಮುರಿದುಕೊಂಡ ಮಗುವೊಂದನ್ನು ತಂದರು. ಆಗ ಹೊಸದಾಗಿ ಸೇರಿದ್ದ ಟೆಕ್ನಿಷಿಯನ್ ಸೆಲ್ವಂ ಗ್ಲೌಸನ್ನು ಮೊಳೆಯಲ್ಲೇ ಬಿಟ್ಟು ಮಗುವಿನ ತೋಳು ಹಿಡಿಯಲು ಹೋದ.

"ಗ್ಲೌಸ್" ಎಂದರು ಸಾರ್.

"ಒಂದು ನಿಮಿಷದ ಕೆಲಸ ಸಾರ್, ಪರವಾಯಿಲ್ಲ" ಎಂದ ಸೆಲ್ವಂ.

ಸಾರ್ ಅವನನ್ನು ಬೆಳಕಿನ ಪೆಟ್ಟಿಗೆಯ ಮುಂದಕ್ಕೆ ಎಳೆದುಕೊಂಡು ಹೋದರು. ಜೇಬಿನಿಂದ ಎರಡೂ ಕೈ ತೆಗೆದು, ಅವನ ಮುಖದ ಎದುರಿಗೆ, ಆ ಬಿಳಿ ಬೆಳಕಿನಲ್ಲಿ ಬಿಡಿಸಿ ಹಿಡಿದರು. "ನಾನೂ ಹೀಗೇ ಸೊಲ್ಲಿದೆ, ಪರವಾಯಿಲ್ಲ ಅಂತ. ನೋಡು." ಕೋಪದಲ್ಲಿ ತಮಿಳು ಕನ್ನಡ ಎರಡೂ ಕಲೆತುಹೋಗಿದ್ದವು.

ನಾನು ಒತ್ತಿಬಿಟ್ಟಿದ್ದೆ. ಯೋಚಿಸಿ ಒತ್ತಿದ್ದಲ್ಲ, ಇಷ್ಟು ವರ್ಷದ ಅಭ್ಯಾಸ. ಶಟರ್ ಸದ್ದಿಗೆ ಅವರು ತಿರುಗಿದರು. ಕೈಗಳು ಮತ್ತೆ ಜೇಬು ಸೇರಿದವು. ಸೆಲ್ವಂ ಗ್ಲೌಸ್ ಹಾಕಿಕೊಂಡು ಮಗುವಿನ ಎಕ್ಸ್‌ರೇ ಮುಗಿಸಿದ. ಎಲ್ಲರೂ ಹೋದ ಮೇಲೆ ಸಾರ್ ನನ್ನ ಹತ್ತಿರ ಬಂದು ಕೈ ಚಾಚದೆಯೇ ಹೇಳಿದರು:

"ಆ ಫಿಲಂ ಕೊಡು ಸರೋಜಾ."

ಅದರಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು. ಅಂಥದ್ದು ಮತ್ತೆ ಸಿಗುವುದಿಲ್ಲ ಅಂತಲೂ ಗೊತ್ತಿತ್ತು. ಆದರೆ ಅದು ಅವರ ಕೈ. ರೋಲ್ ಸುತ್ತಿ, ಹೊರಗೆ ತೆಗೆದು ಕೊಟ್ಟೆ. ಅದನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು. ಬೀಳ್ಕೊಡುಗೆಯ ಸಭೆಯಲ್ಲಿ ಯಾವುದೋ ಹಳೆಯ ಗುಂಪು ಫೋಟೋದಿಂದ ಕತ್ತರಿಸಿದ ಮುಖವನ್ನು ಕಟ್ಟು ಹಾಕಿಸಿ ಇಟ್ಟಿದ್ದರು.

ಮಳೆಗಾಲ ಕಳೆದ ಮೇಲೆ ಅವರ ಮನೆಯಿಂದ ಫೋನ್ ಬಂತು, ಭಾನುವಾರ ಬಂದು ಹೋಗು ಅಂತ. ಮೇಟ್ಟುಪಾಳ್ಯಂ ರಸ್ತೆಯ ಬಸ್ಸಿನಲ್ಲಿ ಪೆರಿಯನಾಯಕನಪಾಳ್ಯಂನಲ್ಲಿ ಇಳಿದು, ಮಿಲ್ಲಿನ ಗೋಡೆ ಹಿಡಿದು ನಡೆದು ಹೋದೆ. ಅವರ ಹೆಂಡತಿ ರಾಜಮ್ಮನವರು ಕಾಫಿ ಕೊಟ್ಟರು. ಸಾರ್ ಒಳಗಿಂದ ಆ ರೋಲ್ ತಂದು ಮೇಜಿನ ಮೇಲಿಟ್ಟರು.

"ತೊಳೆದು ತಗೊಂಡು ಬಾ. ನೋಡೋಣ."

ದೀಪ ಆರಿಸಿ, ಪೂರ್ತಿ ಕತ್ತಲಲ್ಲಿ ತೊಳೆದೆ. ಚಿತ್ರ ಬಂದಿತ್ತು. ಮುಂದಿನ ಭಾನುವಾರ ಪ್ರಿಂಟ್ ತೆಗೆದುಕೊಂಡು ಹೋದೆ. ಜಗಲಿಯ ಬೆಳಕಿಗೆ ಹಿಡಿದು ಅವರು ಬಹಳ ಹೊತ್ತು ನೋಡಿದರು. ರಾಜಮ್ಮನವರು ಬಾಗಿಲಲ್ಲಿ ನಿಂತಿದ್ದರು. ಅಳುತ್ತಾರೆಯೋ, ಹರಿದುಹಾಕುತ್ತಾರೆಯೋ ಗೊತ್ತಾಗಲಿಲ್ಲ.

"ಏನಾಗಿದೆ, ಸೊಲ್ಲು" ಎಂದರು.

ನಾನು ಹೇಳಿದೆ. "ಬೆಳಕಿನ ಪೆಟ್ಟಿಗೆ ಹಿಂದೆ ಇದೆ ಸಾರ್. ಕೈ ಬರೀ ನೆರಳಾಗಿದೆ. ಚರ್ಮ ಕಾಣಿಸ್ತಾ ಇಲ್ಲ."

"ಸೆಲ್ವಂ ನೋಡಬೇಕಾದ್ದೇ ಕಾಣಿಸ್ತಾ ಇಲ್ಲ. ರಿಪೀಟ್."

ಅವರೇ ಕುರ್ಚಿ ಎಳೆದುಕೊಂಡು, ಬಿಸಿಲು ಓರೆಯಾಗಿ ಬೀಳುವ ಕಡೆ ಹಾಕಿಕೊಂಡು ಕೂತರು. ಹೆಗಲ ಮೇಲೆ ಯಾವಾಗಲೂ ಇರುವ ಟವೆಲನ್ನು ಎಳೆದು ತೊಡೆಯ ಮೇಲೆ ಹರಡಿಕೊಂಡರು. ರಾಜಮ್ಮನವರು ಬಂದರು. "ಮಗಳ ಮದುವೆ ಫೋಟೋದಲ್ಲೂ ಇದೇ ಟವೆಲ್ ಒಳಗೆ ಕೈ ಇಟ್ಕೊಂಡಿದ್ದರಮ್ಮ. ಧಾರೆ ಎರೆಯೋವಾಗ ಮಾತ್ರ ಈಚೆ ತೆಗೆದದ್ದು, ಆಗ ಫೋಟೋದವರನ್ನ ನಿಲ್ಲಿಸಿಬಿಟ್ಟಿದ್ದರು" ಎಂದು, ಟವೆಲನ್ನು ತಾವೇ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. ಸಾರ್ ತಡೆಯಲಿಲ್ಲ. ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಯಂತ್ರದ ಮುಂದಿನ ರೋಗಿಯ ಹಾಗೆ ಬಿಗಿಯಾಗಿ ಕೂತರು.

"ಮೂಚ್ಚ ಇಳುಂಗ ಸಾರ್" ಎಂದೆ. ಎಳೆದರು. "ಪಿಡಿಂಗ." ಹಿಡಿದರು. "ವಿಡುಂಗ."

"ಊರಿಗೆಲ್ಲ ಉಸಿರು ಹಿಡಿಸಿದವರಿಗೆ ಇವತ್ತು ಸರದಿ ಬಂತು" ಎಂದರು ರಾಜಮ್ಮನವರು. ಸಾರ್ ಉಸಿರು ಬಿಡುತ್ತಲೇ ನಕ್ಕರು. ಸುಮ್ಮನಿರು ಎನ್ನುವಂತೆ ಎಡಗೈ ಅವರತ್ತ ಎತ್ತಿದರು. ತುದಿಯಿಲ್ಲದ ಬೆರಳು, ಸೀಳಿದ ಉಗುರು, ಒಡೆದ ಚರ್ಮದ ಒಂದೊಂದು ಗೆರೆ, ಎಲ್ಲದರ ಮೇಲೂ ಬಿಸಿಲು ಇತ್ತು. ಮುಖದಲ್ಲಿ ನಗು ಇತ್ತು. ಒತ್ತಿದೆ. ನನ್ನ ಜೀವಮಾನದಲ್ಲಿ ನಾನು ತೆಗೆದ ಎಲ್ಲಕ್ಕಿಂತ ಒಳ್ಳೆಯ ಫೋಟೋ ಅದು. ಅದಾದ ಮೇಲೆಯೂ ಎಷ್ಟೋ ರೋಲ್ ಮುಗಿಸಿದ್ದೇನೆ, ಅದರ ಹತ್ತಿರ ಬಂದದ್ದು ಒಂದೂ ಇಲ್ಲ.

ಆ ಪ್ರಿಂಟನ್ನು ಸಾರ್ ತಾವೇ ಕಟ್ಟು ಹಾಕಿಸಿ ಆಸ್ಪತ್ರೆಗೆ ತಂದರು. ಎಕ್ಸ್‌ರೇ ರೂಮಿನಲ್ಲಿ ಗ್ಲೌಸ್ ನೇತುಹಾಕುವ ಮೊಳೆಯ ಮೇಲ್ಗಡೆ ಇನ್ನೊಂದು ಮೊಳೆ ಹೊಡೆಸಿ ಹಾಕಿಸಿದರು. ನೆಗೆಟಿವನ್ನು ನಾನು ಅವರಿಗೇ ಕೊಟ್ಟೆ, ಅದು ಅವರ ಹತ್ತಿರ ಇರುವುದೇ ಸರಿ ಅಂತ ಅನ್ನಿಸಿತ್ತು. ಈಗ ಅವರೂ ಇಲ್ಲ, ರಾಜಮ್ಮನವರೂ ಇಲ್ಲ. ನೆಗೆಟಿವ್ ಏನಾಯಿತೆಂದು ಮಗಳಿಗೂ ತಿಳಿಯದು.

ಅದಾಗಿ ಎಷ್ಟೋ ಕಾಲದ ಮೇಲೆ ಎಲ್ಲವೂ ಕಂಪ್ಯೂಟರಿಗೆ ಬಂತು. ಫಿಲಂ ಹೋಯಿತು, ಡೆವಲಪರ್ ವಾಸನೆ ಹೋಯಿತು. ಡಾರ್ಕ್‌ರೂಮಿನಲ್ಲಿ ಹಳೆಯ ಕುರ್ಚಿ, ಮುರಿದ ಸ್ಟ್ರೆಚರು ತುಂಬಿಸಿಟ್ಟರು. ನಾನು ನಿವೃತ್ತಳಾಗುವ ಹೊತ್ತಿಗೆ ಸೆಲ್ವಂ ಮುಖ್ಯ ಟೆಕ್ನಿಷಿಯನ್ ಆಗುವ ಸರದಿಯಲ್ಲಿದ್ದ. ಅವನ ಕಿವಿಯ ಮೇಲೂ ನರೆ ಬಂದಿತ್ತು. ಕೊನೆಯ ದಿನ ಬೀಗದ ಕೈಗಳನ್ನೆಲ್ಲ ಅವನಿಗೆ ಒಪ್ಪಿಸಿ, "ತಂಬಿ, ಗೋಡೆ ಮೇಲಿರುವ ಸಾರ್ ಫೋಟೋ ಒಂದನ್ನು ಮನೆಗೆ ತಗೊಂಡು ಹೋಗ್ತೀನಿ. ನನ್ನ ಹತ್ತಿರ ಇನ್ನೊಂದು ಪ್ರತಿ ಇಲ್ಲ" ಎಂದೆ.

ಸೆಲ್ವಂ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟ. "ಅಕ್ಕಾ, ಬೇರೆ ಏನು ಬೇಕಾದರೂ ಕೇಳಿ. ಅದನ್ನು ಮಾತ್ರ ಕೇಳಬೇಡಿ."

"ನಾನು ತೆಗೆದದ್ದು ತಾನೇ?"

"ನೀವು ತೆಗೆದದ್ದುಂಗಕ್ಕಾ. ಆದರೆ ಅವತ್ತು ಆ ಕೈಗಳ ಎದುರಿಗೆ ನಿಂತಿದ್ದೋನು ನಾನು."

ನಾನು ಮತ್ತೆ ಏನೋ ಹೇಳಲು ಹೊರಟಿದ್ದೆ. ಹೊರಗಿಂದ ಅಳು ಕೇಳಿಸಿತು. ಯುವಕನೊಬ್ಬ ಕಾಲು ಊದಿಕೊಂಡ ಪುಟ್ಟ ಮಗಳನ್ನು ಎತ್ತಿಕೊಂಡು ಒಳಗೆ ಬಂದ. ಈಗ ಮಕ್ಕಳನ್ನು ನಾವು ಹಿಡಿಯುವುದಿಲ್ಲ, ಅಪ್ಪನೋ ಅಮ್ಮನೋ ಹಿಡಿಯಬೇಕು. ಸೆಲ್ವಂ ಮೊಳೆಯಿಂದ ಗ್ಲೌಸ್ ತೆಗೆದ. "ಇದೆಲ್ಲ ಬೇಡಂಗ, ನಾನು ಹಾಗೇ ಹಿಡ್ಕೊಳ್ತೀನಿ, ಮಗು ಹೆದರ್ತಾಳೆ" ಎಂದ ಆ ಅಪ್ಪ.

ಸೆಲ್ವಂ ಗ್ಲೌಸ್ ಹಿಡಿದುಕೊಂಡೇ ಗೋಡೆಯ ಕಡೆ ಕೈ ತೋರಿಸಿದ. ಆ ಯುವಕ ತಲೆಯೆತ್ತಿ ನೋಡಿದ. ಮೊದಲು ನಗುವ ಮುಖ ನೋಡಿದ, ಆಮೇಲೆ ಎತ್ತಿದ ಕೈ ನೋಡಿದ. ಮಗಳನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿ, ತನ್ನ ಎರಡೂ ಕೈಗಳನ್ನು ಸೆಲ್ವಂನ ಮುಂದೆ ಚಾಚಿದ.

ಸೆಲ್ವಂ ಅವನಿಗೆ ಗ್ಲೌಸ್ ತೊಡಿಸತೊಡಗಿದ. ನಾನು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದೆ.